ಬ್ಯಾಡಗಿಯ ಕೆಂಪು ಎಣ್ಣೆಗಿಳಿದ ಕಥೆ

ಮೊನ್ನೆ ಬಸ್ಸಲ್ಲಿ ಚಿಪ್ಸ್ ತಿನ್ನುತ್ತಾ ಪೊಟ್ಟಣದ ಹಿಂದಿನ ಸಣ್ಣಕ್ಷರ ಓದ್ತಾ ಕೂತಿದ್ದೆ (ಇದೊಂದು ಚಟ ನನಗೆ). 'ಬಣ್ಣ 160ಸಿ' ಅಂತಿತ್ತು. ಏನಪ್ಪಾ ಇದು ಅಂತ ಮನೆಗೆ ಬಂದು ಹುಡುಕಿದರೆ... ಮೆಣಸಿನಕಾಯಿ!

ಮೆಣಸಿನಕಾಯಿ ಮೂಲತಃ ನಮ್ಮದಲ್ಲ ಅನ್ನೋದು ನಿಮಗೆಲ್ಲ ಗೊತ್ತೇ ಇದೆ. 16ನೇ ಶತಮಾನದಲ್ಲಿ ಪೋರ್ಚುಗೀಸರು ಅಮೆರಿಕದಿಂದ ತಂದದ್ದು. ಆದರೆ ಹಾವೇರಿ ಸೀಮೆಯ ಮಣ್ಣಿನಲ್ಲಿ ಅದು ಬೇರೆಯೇ ಗುಣ ಪಡೆಯಿತು. ಸುಕ್ಕು ಸಿಪ್ಪೆ, ಕಡಿಮೆ ಖಾರ, ಗಾಢ ಕೆಂಪು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು.

ಕಾರ್ಖಾನೆಯವರಿಗೆ ಬೇಕಾದದ್ದು ಆ ಕೆಂಪು ಮಾತ್ರ. ಪುಡಿಯಾದರೆ ಇಟ್ಟಲ್ಲೇ ಬಣ್ಣ ಮಾಸುತ್ತೆ, ಹುಳು ಹಿಡಿಯುತ್ತೆ. ಅದಕ್ಕೇ ಪುಡಿಯನ್ನು ಹೆಕ್ಸೇನ್‌ನಂಥ ದ್ರಾವಕದಲ್ಲಿ ನೆನೆಸಿ ಸಾರ ಇಳಿಸಿ, ಆಮೇಲೆ ದ್ರಾವಕವನ್ನು ಆವಿ ಮಾಡಿ ತೆಗೆಯುತ್ತಾರೆ. ಉಳಿಯೋದು ಕಪ್ಪುಗೆಂಪಿನ ಗಟ್ಟಿ ಪಾಕ, ಓಲಿಯೋರೆಸಿನ್. ಅಮೆರಿಕದ ಕಾನೂನಿನಂತೆ ಅದರಲ್ಲಿ ಹೆಕ್ಸೇನ್ ಹತ್ತು ಲಕ್ಷಕ್ಕೆ 25 ಭಾಗ ಮೀರುವಂತಿಲ್ಲ. ಕೇರಳದ ಕೋಲೆಂಚೇರಿ ಬಳಿ 1972ರಲ್ಲಿ ಶುರುವಾದ ಸಿಂಥೈಟ್ ಈ ಉದ್ಯಮದ ದೊಡ್ಡ ಹೆಸರು.

ಇಲ್ಲಿಂದ ಮುಂದಿನದ್ದೇ ನನಗೆ ಮಜಾ ಅನ್ನಿಸಿದ್ದು. ಒಂದು ವರ್ಷದ ಬೆಳೆಯಂತೆ ಇನ್ನೊಂದು ವರ್ಷದ್ದು ಇರಲ್ಲ, ಪಾಕದ ಬಣ್ಣವೂ ಅಷ್ಟೇ. ಆದರೆ ಕೊಳ್ಳುವವನಿಗೆ ಪ್ರತಿ ಸಲ ಅದೇ ಕೆಂಪು ಬೇಕು. ಹಾಗಾಗಿ ಬಣ್ಣ ಅಳೆದು ಅಡುಗೆ ಎಣ್ಣೆ ಬೆರೆಸುತ್ತಾರೆ. 1,00,000 ಬಣ್ಣಮಾನದ ಪಾಕವನ್ನು 40,000ಕ್ಕೆ ಇಳಿಸಬೇಕಾದರೆ ಕಿಲೋಗೆ ಒಂದೂವರೆ ಕಿಲೋ ಎಣ್ಣೆ! ಅಂಟು ಪಾಕವನ್ನು ಟನ್‌ಗಟ್ಟಲೆ ಹಿಟ್ಟಿಗೆ ಚಿಟಿಕೆ ಲೆಕ್ಕದಲ್ಲಿ ಹಾಕೋಕಾಗುತ್ತಾ? ಎಣ್ಣೆಯಲ್ಲಿ ತೆಳುವಾದರೆ ಸಮನಾಗಿ ಹರಡುತ್ತೆ. ಈ ಕೆಂಪು (ಕ್ಯಾಪ್ಸಾಂಥಿನ್ ಅಂತ ಅದರ ಹೆಸರು) ನೀರಿಗೆ ಬಗ್ಗೋದೇ ಇಲ್ಲ. ಒಗ್ಗರಣೆಗೆ ಮೆಣಸಿನಕಾಯಿ ಮುರಿದು ಹಾಕಿದಾಗ ಎಣ್ಣೆ ಕೆಂಪಾಗುತ್ತಲ್ಲ, ಅದೇ ವಿದ್ಯೆ. ನಮ್ಮಜ್ಜಿಗೆ ಹೆಕ್ಸೇನ್ ಬೇಕಾಗಿರಲಿಲ್ಲ, ಅಷ್ಟೇ :)

ಅಂದ ಹಾಗೆ ಖಾರ ಅಳೆದದ್ದೂ ತೆಳು ಮಾಡಿಯೇ. 1912ರಲ್ಲಿ ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕನ್, ಮೆಣಸಿನಕಾಯಿ ಸಾರಕ್ಕೆ ಖಾರ ಗೊತ್ತಾಗದೇ ಹೋಗುವ ತನಕ ಸಕ್ಕರೆ ನೀರು ಬೆರೆಸುತ್ತಾ ಹೋದ.

ಕೆಂಪಿಗೆ ಬೆಲೆ ಬಂದಮೇಲೆ ಕಳ್ಳದಾರಿಯೂ ಬಂತು. 2003ರ ಮೇ ತಿಂಗಳಲ್ಲಿ ಭಾರತದಿಂದ ಹೋದ ಖಾರದ ಪದಾರ್ಥಗಳಲ್ಲಿ ಸೂಡಾನ್-1 ಎಂಬ ಬಣ್ಣ ಫ್ರಾನ್ಸ್‌ನಲ್ಲಿ ಸಿಕ್ಕಿಬಿತ್ತು. ಅದು ಮೇಣಕ್ಕೆ, ಪಾಲಿಶ್‌ಗೆ ಹಾಕುವ ಬಣ್ಣ, ಅದೂ ಎಣ್ಣೆಯಲ್ಲೇ ಕರಗುವಂಥದ್ದು. 2005ರ ಫೆಬ್ರವರಿಯಲ್ಲಂತೂ ಬ್ರಿಟನ್ನಿನ ಅಂಗಡಿಗಳಿಂದ ನೂರಾರು ತಿನಿಸುಗಳನ್ನು ವಾಪಸ್ ತರಿಸಬೇಕಾಯಿತು. ಕಲಬೆರಕೆ ಮಾಡಿದವರು ಯಾರೋ, ಹೆಸರು ಕೆಟ್ಟಿದ್ದು ಮಾತ್ರ ನಮ್ಮ ಮೆಣಸಿನಕಾಯಿಯದ್ದು.

ಪಾಕದ ಬಣ್ಣಕ್ಕೆ ಅಳತೆ ಇದೆ, ಎಣ್ಣೆಗೂ ಲೆಕ್ಕ ಇದೆ. ಬೆಳೆದವನಿಗೆ ಸಿಗುವ ಬೆಲೆ? 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ದಿಢೀರ್ ಕುಸಿದಾಗ ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಟಿವಿಯಲ್ಲಿ ಅದನ್ನು ನೋಡುವಾಗ ನನ್ನ ಕೈಯಲ್ಲಿ ಇಂಥದ್ದೇ ಒಂದು ಚಿಪ್ಸ್ ಪೊಟ್ಟಣ ಇತ್ತು. ಅವತ್ತು ಅದರ ಹಿಂಬದಿ ಓದಿರಲಿಲ್ಲ.