ದನಿಗೆ ಎಷ್ಟು ಅಂಕ?

1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಗೆ ಆಗ ಮೈಕ್ ಇರಲಿಲ್ಲ. ಕೊನೆಯ ಸಾಲಿನವನ ಕಿವಿಯೇ ದನಿಯ ಅಳತೆಗೋಲು. ದೂರವಾಣಿಯೂ ಕಿವಿಯನ್ನೇ ನಂಬಿತು: ಕೇಳುಗರು 1ರಿಂದ 5ರವರೆಗೆ ಕೊಟ್ಟ ಅಂಕಗಳ ಸರಾಸರಿಯೇ ಗುಣಮಟ್ಟ. 2002ರ ಏಪ್ರಿಲ್‌ನಲ್ಲಿ ಭಾರತ ಇಂಟರ್‌ನೆಟ್ ಕರೆಗೆ ಅನುಮತಿ ಕೊಡುವ ಹೊತ್ತಿಗೆ ಆ ಅಂಕವನ್ನು ಯಂತ್ರವೇ ಅಂದಾಜು ಮಾಡುತ್ತಿತ್ತು. ಆದರೆ ಇಷ್ಟು ಅಂಕ ಬಂದರೆ ಸರಿ ಎಂದು ಎಲ್ಲ ಕರೆಗೂ ಒಂದೇ ಗಡಿ ಹಾಕುವುದು ತಪ್ಪು. ಸೆಕೆಂಡಿಗೆ 64 ಕಿಲೋಬಿಟ್ ಬಳಸುವ ಜಿ.711 ಕೋಡೆಕ್ (ದನಿಯನ್ನು ಅಂಕಿಗಳಾಗಿ ಬದಲಿಸುವ ವಿಧಾನ) ಸುಮಾರು 4.4 ಮುಟ್ಟುತ್ತದೆ, 8 ಕಿಲೋಬಿಟ್‌ನ ಜಿ.729 ದಾರಿ ಸಲೀಸಾಗಿದ್ದರೂ 4ರ ಆಸುಪಾಸಿನಲ್ಲೇ ನಿಲ್ಲುತ್ತದೆ. ತುಮಕೂರಿನಿಂದ ಕುಣಿಗಲ್‌ಗೆ ಹೋದ ಕರೆ 4 ತೋರಿಸಿದರೆ, ಮೊದಲನೆಯದರಲ್ಲಿ ದನಿ ಹೊತ್ತ ಪ್ಯಾಕೆಟ್‌ಗಳು ದಾರಿಯಲ್ಲಿ ಕಳೆದಿರಬಹುದು, ಎರಡನೆಯದರಲ್ಲಿ ಎಲ್ಲವೂ ನೆಟ್ಟಗಿದೆ. ಗ್ರಾಹಕನಿಗೆ ಕೋಡೆಕ್ ಯಾವುದಾದರೇನು, ಮಾತು ಕೇಳಿಸಬೇಕಷ್ಟೆ ಎನ್ನುವವರುಂಟು. ನಿಜ, ಅವನಿಗಾಗಿ ಕನಿಷ್ಠ ಮಟ್ಟವೊಂದು ಇರಲೇಬೇಕು. ದುರಸ್ತಿಗೆ ಹೊರಡುವವನಿಗೆ ಮಾತ್ರ ಆಯಾ ಕೋಡೆಕ್ ತನ್ನ ಮೇಲ್ಮಿತಿಯಿಂದ ಎಷ್ಟು ಕುಸಿದಿದೆ ಎಂಬ ಲೆಕ್ಕ ಬೇಕು.