ಪಶು ಆಹಾರದಲ್ಲಿ ಪ್ರತಿಜೀವಕಗಳು

ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುವ, ಆಂಟಿಬಯಾಟಿಕ್ ಎಂದೇ ಬಳಕೆಯಲ್ಲಿರುವ ಔಷಧಿಗಳನ್ನು ಕೋಳಿ, ಹಂದಿ, ದನಗಳ ಚಿಕಿತ್ಸೆಗಷ್ಟೇ ಅಲ್ಲದೆ, ಕಾಯಿಲೆಯೇ ಇಲ್ಲದ ಪ್ರಾಣಿಗಳ ತೂಕ ಹೆಚ್ಚಿಸಲೂ ದಶಕಗಳ ಕಾಲ ಆಹಾರದಲ್ಲಿ ಬೆರೆಸಲಾಗಿದೆ. ಈ ಎರಡನೆಯ ರೂಢಿ ಹುಟ್ಟಿದ್ದು ವಿಟಮಿನ್ ಸಂಶೋಧನೆಯೊಂದರಿಂದ. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಬಿ12 ವಿಟಮಿನ್ನಿನ ಮೂಲಗಳನ್ನು ಅರಸುತ್ತಿದ್ದ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್, ಆರಿಯೋಮೈಸಿನ್ ಎಂಬ ಪ್ರತಿಜೀವಕದ ತಯಾರಿಕೆಯಲ್ಲಿ ಉಳಿದ ಚರಟವನ್ನು ತಿಂದ ಕೋಳಿಮರಿಗಳು ವಿಟಮಿನ್ ಒಂದರಿಂದಲೇ ಆಗದಷ್ಟು ಬೇಗ ಬೆಳೆದುದನ್ನು ಗಮನಿಸಿದರು. ಅಮೆರಿಕ 1951ರಲ್ಲಿ ಈ ಬಳಕೆಗೆ ಅನುಮತಿ ನೀಡಿತು. ಬ್ರಿಟನ್ನಿನಲ್ಲಿ 1953ರಲ್ಲಿ ಕಾನೂನು ಇದಕ್ಕೆ ದಾರಿಮಾಡಿತು.

ಅಲ್ಪ ಪ್ರಮಾಣದ ಔಷಧಿ ದಿನವೂ ಕರುಳು ಸೇರುತ್ತಿದ್ದರೆ ಅದನ್ನು ತಾಳಿಕೊಳ್ಳಬಲ್ಲ ಬ್ಯಾಕ್ಟೀರಿಯಾಗಳೇ ಉಳಿದು ಹೆಚ್ಚುತ್ತವೆ. ಈ ತಾಳಿಕೆಗೆ ಪ್ರತಿರೋಧ ಎಂದು ಹೆಸರು. ಪ್ರತಿರೋಧದ ಜೀನುಗಳು ಪ್ಲಾಸ್ಮಿಡ್ ಎಂಬ ಡಿಎನ್ಎ ತುಣುಕುಗಳ ಮೂಲಕ ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲವಾದ್ದರಿಂದ ಕೊಟ್ಟಿಗೆಯಲ್ಲಿ ಬೆಳೆದದ್ದು ಅಲ್ಲೇ ನಿಲ್ಲುವುದಿಲ್ಲ. 1960ರ ದಶಕದಲ್ಲಿ ಬ್ರಿಟನ್ನಿನ ಕರುಗಳಲ್ಲಿ ಹಲವು ಔಷಧಿಗಳಿಗೆ ಜಗ್ಗದ ಸಾಲ್ಮೊನೆಲ್ಲಾ ಹರಡಿ ಮನುಷ್ಯರನ್ನೂ ಮುಟ್ಟಿದುದನ್ನು ಇ. ಎಸ್. ಆಂಡರ್ಸನ್ ತೋರಿಸಿದ ಮೇಲೆ ನೇಮಕಗೊಂಡ ಸ್ವಾನ್ ಸಮಿತಿ, ಮಾನವ ಚಿಕಿತ್ಸೆಯ ಮುಖ್ಯ ಔಷಧಿಗಳನ್ನು ತೂಕವರ್ಧನೆಗೆ ಬಳಸಕೂಡದೆಂದು 1969ರಲ್ಲಿ ಹೇಳಿತು. ಆದರೆ ಪಶುವೈದ್ಯರ ಚೀಟಿಯಿದ್ದರೆ ಅವೇ ಔಷಧಿಗಳನ್ನು ಆಹಾರದಲ್ಲಿ ಬೆರೆಸಲು ಅವಕಾಶ ಉಳಿದಿತ್ತು. ನಿಷೇಧ ಸಡಿಲಗೊಂಡದ್ದು ಇಲ್ಲಿಯೇ ಎನ್ನಬೇಕು. 1976ರಲ್ಲಿ ಸ್ಟುವರ್ಟ್ ಲೆವಿ ಪ್ರಕಟಿಸಿದ ಅಧ್ಯಯನದಲ್ಲಿ, ಟೆಟ್ರಾಸೈಕ್ಲಿನ್ ಬೆರೆತ ಆಹಾರ ತಿಂದ ಕೋಳಿಗಳ ಕರುಳಿನಲ್ಲಿ ವಾರದೊಳಗೆ, ಸಾಕಿದ ಮನೆಯವರ ಕರುಳಿನಲ್ಲಿ ಐದಾರು ತಿಂಗಳಲ್ಲಿ ಪ್ರತಿರೋಧಿ ಬ್ಯಾಕ್ಟೀರಿಯಾಗಳು ಹೆಚ್ಚಿದವು. ಮರುವರ್ಷ ಅಮೆರಿಕದ ಔಷಧ ನಿಯಂತ್ರಕರು ಮುಂದಿಟ್ಟ ನಿರ್ಬಂಧದ ಪ್ರಸ್ತಾವ ಮಾತ್ರ ಸಂಸತ್ತಿನ ವಿರೋಧದಿಂದ ಮೂಲೆಗೆ ಸೇರಿ, ಮಾನವ ಚಿಕಿತ್ಸೆಗೆ ಮುಖ್ಯವಾದ ಔಷಧಿಗಳನ್ನು ತೂಕಕ್ಕಾಗಿ ಬಳಸುವುದು ಅಲ್ಲಿ ಕೊನೆಗೊಂಡದ್ದು 2017ರಲ್ಲಿ.

ರೈತರ ಒಕ್ಕೂಟವೇ ಕೇಳಿಕೊಂಡದ್ದರಿಂದ ಸ್ವೀಡನ್ 1986ರಲ್ಲೇ ಈ ಬಳಕೆಯನ್ನು ನಿಲ್ಲಿಸಿತ್ತು. ಆಸ್ಪತ್ರೆಗಳ ಆಸರೆಯಾಗಿದ್ದ ವ್ಯಾಂಕೊಮೈಸಿನ್ನಿಗೆ ಹತ್ತಿರದ ತೂಕವರ್ಧಕ ಅವೊಪಾರ್ಸಿನ್ನನ್ನು ಡೆನ್ಮಾರ್ಕ್ 1995ರಲ್ಲಿ, ಯುರೋಪಿಯನ್ ಒಕ್ಕೂಟ 1997ರಲ್ಲಿ ನಿಷೇಧಿಸಿದವು. 2006ರಿಂದ ಒಕ್ಕೂಟದಲ್ಲಿ ತೂಕವರ್ಧಕ ಪ್ರತಿಜೀವಕಗಳೆಲ್ಲಕ್ಕೂ ತಡೆ ಬಿತ್ತು. ಕೊನೆಯ ಆಯ್ಕೆಯ ಔಷಧಿಯೆನಿಸಿದ ಕೊಲಿಸ್ಟಿನ್ನಿಗೆ ಪ್ರತಿರೋಧ ಕೊಡುವ, ಪ್ಲಾಸ್ಮಿಡ್ ಮೇಲೆ ಸಾಗುವ ಎಂಸಿಆರ್-1 ಜೀನು ಚೀನಾದ ಹಂದಿಗಳಲ್ಲೂ ರೋಗಿಗಳಲ್ಲೂ ಇರುವುದು 2015ರಲ್ಲಿ ವರದಿಯಾಯಿತು. ಚೀನಾ 2017ರಲ್ಲಿ ಕೊಲಿಸ್ಟಿನ್ನನ್ನು ತೂಕವರ್ಧಕವಾಗಿ ಬಳಸುವುದನ್ನಷ್ಟೇ ನಿಲ್ಲಿಸಿದರೆ, ಭಾರತದ 2019ರ ಆದೇಶ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ ಮತ್ತು ಮೀನು ಸಾಕಣೆಗಳಿಗೆ ಅದರ ತಯಾರಿಕೆ, ಮಾರಾಟ, ವಿತರಣೆಗಳನ್ನೇ ನಿಷೇಧಿಸಿ, ಈ ಸೂಚನೆಯನ್ನು ಔಷಧಿಯ ಲೇಬಲ್ಲಿನ ಮೇಲೆ ಮುದ್ರಿಸುವುದನ್ನು ಕಡ್ಡಾಯ ಮಾಡಿತು.