ಬಿಸಿಯಾಸನದ ಚರಿತ್ರೆ: ದೋಷ ಮತ್ತು ದುರಸ್ತಿಯ ದೃಷ್ಟಿಯಿಂದ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ಜನನಕಾಲವನ್ನು ಮಾತ್ರ ಗಮನಿಸುತ್ತಾರೆ. ಅವು ಕೆಟ್ಟಾಗ ಏನಾಯಿತೆಂದು ಕೇಳುವವರು ವಿರಳ. ಶೀತದೇಶಗಳ ಮೋಟಾರು ಗಾಡಿಗಳಲ್ಲಿ ವಿದ್ಯುತ್ತಿನಿಂದ ಕಾಯುವ ಆಸನಗಳ ವಿಷಯದಲ್ಲಿ ಈ ಅಲಕ್ಷ್ಯದಿಂದ ಒಂದು ಮುಖ್ಯ ಸಂಗತಿಯೇ ಮರೆಯಾಗಿದೆಯೆಂದು ನಮಗೆ ತೋರುತ್ತದೆ. ಬೇಸಗೆಯ ಸೆಕೆಯಲ್ಲಿ ಪಾಠ ಹೇಳುವ ನಮಗೆ ಕುಳಿತ ಪೀಠವನ್ನು ಬಿಸಿಮಾಡುವ ಯೋಚನೆಯೇ ವಿನೋದವೆನಿಸಬಹುದು. ಆದರೆ ಕಾಶ್ಮೀರದವರು ನಿಲುವಂಗಿಯೊಳಗೆ ಕೆಂಡದ ಕಾಂಗ್ಡಿಯನ್ನು ಇಟ್ಟುಕೊಳ್ಳುವುದನ್ನು ಬಲ್ಲವರಿಗೆ ಇದರ ಅಗತ್ಯವನ್ನು ವಿವರಿಸಬೇಕಾದುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ರೈಲುಗಳಲ್ಲಿ ಪ್ರಯಾಣಿಕರ ಪಾದಗಳ ಕೆಳಗೆ ಬಿಸಿನೀರು ತುಂಬಿದ ಲೋಹದ ಡಬ್ಬಿಗಳನ್ನು ಇಡುತ್ತಿದ್ದರು. ಮುಂದೆ ಕೆಲವೆಡೆ ನೀರಿನ ಬದಲು ಸೋಡಿಯಂ ಅಸಿಟೇಟನ್ನು ತುಂಬಿದರು. ಅದು ಹರಳುಗಟ್ಟುವಾಗ ತನ್ನ ಶಾಖವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಇವೆಲ್ಲವೂ ಹೊರಗೆ ಕಾಯಿಸಿ ತಂದ ಶಾಖ. ಗಾಡಿಯ ಒಳಗೇ ಅದನ್ನು ಹುಟ್ಟಿಸಲು ತಂತಿ ಬೇಕಾಯಿತು. ಪ್ರವಾಹಕ್ಕೂ ರೋಧಕ್ಕೂ ಶಾಖಕ್ಕೂ ಇರುವ ಸಂಬಂಧವನ್ನು ಜೌಲ್ 1840ರ ದಶಕದ ಆರಂಭದಲ್ಲಿಯೇ ತೋರಿಸಿದ್ದನು. ಕೆಂಪಗೆ ಕಾದರೂ ಬೇಗ ಸವೆಯದ ನಿಕ್ಕಲ್–ಕ್ರೋಮಿಯಂ ಮಿಶ್ರಲೋಹಕ್ಕೆ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದನು.

ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ರಾಬರ್ಟ್ ಬಲಾರ್ಡ್ ಬಿಸಿಯಾಸನದ ಪೇಟೆಂಟಿಗಾಗಿ ಅರ್ಜಿ ಸಲ್ಲಿಸಿದ್ದು 1951ರಲ್ಲಿ. ಅದು ದೊರೆತದ್ದು 1955ರಲ್ಲಿ. ಆದರೆ ಅದೇ ಸಂಸ್ಥೆಯ ಕ್ಯಾಡಿಲಾಕ್ ಕಾರುಗಳಲ್ಲಿ ಈ ಸೌಕರ್ಯ ದೊರೆತದ್ದು 1966ರ ಮಾದರಿಗಳಲ್ಲಿ, ಅದೂ ಹೆಚ್ಚಿನ ಹಣ ಕೊಟ್ಟವರಿಗೆ ಮಾತ್ರ. ಈ ವಿಳಂಬವೇಕೆ? ವಿದ್ಯುತ್ತಿನ ಪೂರೈಕೆಯೇ ಮುಖ್ಯ ಕಾರಣವಾಗಿರಬೇಕೆಂಬುದು ನಮ್ಮ ಊಹೆ. 48 ವಾಟ್ ಶಾಖಕ್ಕೆ 6 ವೋಲ್ಟಿನ ಗಾಡಿಯಲ್ಲಿ 8 ಆಂಪಿಯರ್ ಪ್ರವಾಹ ಬೇಕು, 12 ವೋಲ್ಟಿನದರಲ್ಲಿ 4 ಸಾಕು. ಅಮೆರಿಕದ ಕಾರುಗಳು 12 ವೋಲ್ಟಿಗೆ ತಿರುಗಿದ್ದು 1950ರ ದಶಕದಲ್ಲಿ. ಎಂಜಿನು ಮಂದಗತಿಯಲ್ಲಿರುವಾಗ ಸೋಲುತ್ತಿದ್ದ ಡೈನಮೋವಿನ ಸ್ಥಾನಕ್ಕೆ ಆಲ್ಟರ್ನೇಟರ್ ಬಂದದ್ದು 1960ರ ದಶಕದಲ್ಲಿ. ಸ್ವೀಡನ್ನಿನ ಸಾಬ್ ಸಂಸ್ಥೆಯ 1972ರ ಮಾದರಿಯ 99 ಕಾರು ಚಾಲಕನ ಬಿಸಿಯಾಸನವನ್ನು ಎಲ್ಲ ಕೊಳ್ಳುಗರಿಗೂ ಸಹಜ ಅಂಗವಾಗಿಯೇ ಕೊಟ್ಟಿತು. ಇದನ್ನೇ ಜಗತ್ತಿನ ಮೊದಲನೆಯದೆಂದು ಬರೆಯುವವರಿದ್ದಾರೆ. ಐಚ್ಛಿಕವಾಗಿ ಮಾರಿದುದಕ್ಕೂ ಸರ್ವರಿಗೂ ಕೊಟ್ಟುದಕ್ಕೂ ಇರುವ ಭೇದವನ್ನು ಮರೆತುದರಿಂದ ಆದ ತಪ್ಪು ಅದು.

ಇನ್ನು ದುರಸ್ತಿಯ ಮಾತು. ಹೊದಿಕೆಗೂ ಮೆತ್ತೆಗೂ ನಡುವೆ ತೆಳುವಾದ ಹಾಸು, ಅದರಲ್ಲಿ ಹಾವಿನಂತೆ ಬಳಸಿ ಹೋಗುವ ತಂತಿ: ರಚನೆ ಇಷ್ಟೇ. ಒಂದೇ ಎಳೆಯಾಗಿ ಸಾಗುವ ತಂತಿ ಎಲ್ಲಿ ಕಡಿದರೂ ಇಡೀ ಹಾಸು ತಣ್ಣಗಾಗುತ್ತದೆ. ಎಷ್ಟೋ ಗಾಡಿಗಳಲ್ಲಿ ಬೆನ್ನಿನ ಹಾಸನ್ನೂ ಪೀಠದ ಹಾಸನ್ನೂ ಸರಣಿಯಲ್ಲಿ ಜೋಡಿಸಿರುವುದರಿಂದ ಬೆನ್ನಿನಲ್ಲಿ ಕಡಿದರೆ ಪೀಠವೂ ಕಾಯುವುದಿಲ್ಲ. ರೋಗವೊಂದೆಡೆ, ಲಕ್ಷಣ ಇನ್ನೊಂದೆಡೆ. ಹಿಂದಿನ ಸಾಮಾನನ್ನು ತೆಗೆಯಲು ಆಸನದ ಮೇಲೆ ಮೊಣಕಾಲೂರುವುದು ತಂತಿ ಕಡಿಯಲು ಒಂದು ಸಾಮಾನ್ಯ ಕಾರಣ.

ಬಲ್ಲ ಕುಶಲಕರ್ಮಿ ಹೊದಿಕೆಗೆ ಮೊದಲೇ ಕೈಹಾಕುವುದಿಲ್ಲ. ಫ್ಯೂಸನ್ನು ನೋಡುತ್ತಾನೆ, ಅನಂತರ ಸ್ವಿಚ್ಚು, ರಿಲೇ, ಆಸನದ ಅಡಿಯ ತಂತಿಜೋಡಣೆ. ಆಸನ ಹಿಂದೆ ಮುಂದೆ ಸರಿದಾಡುವಾಗ ಆ ಜೋಡಣೆ ಜಗ್ಗಿ ಸಡಿಲವಾಗುವುದುಂಟು. ಅಲ್ಲಿಯವರೆಗೆ ವೋಲ್ಟೇಜು ಬರುತ್ತಿದ್ದರೆ ಹಾಸನ್ನು ಬೇರ್ಪಡಿಸಿ ಅದರ ರೋಧವನ್ನು ಅಳೆಯುತ್ತಾನೆ. ಕೆಲವೇ ಓಮ್ ಬಂದರೆ ತಂತಿ ಅಖಂಡವಾಗಿದೆ, ಅನಂತವೆಂದರೆ ಕಡಿದಿದೆ. ಪಕ್ಕದಲ್ಲಿ ಗಾಳಿಚೀಲವಿರುವ ಈಚಿನ ಆಸನಗಳಲ್ಲಿ ಮೊದಲು ಬ್ಯಾಟರಿಯನ್ನು ಕಳಚಿ, ತಯಾರಕರು ಹೇಳಿದಷ್ಟು ಹೊತ್ತು ಕಾಯಬೇಕು. ಆ ಚೀಲದ ತಂತಿಗಳಿಗೆ ಓಮ್ ಮಾಪಕವನ್ನು ತಾಗಿಸಲೇಬಾರದು.

ಕಡಿದ ತಂತಿ ಯಾವಾಗಲೂ ತಣ್ಣಗಿರುವುದಿಲ್ಲವೆಂಬುದೇ ನಾವು ಮೊದಲು ಸೂಚಿಸಿದ ಮರೆತ ಸಂಗತಿ. ಅರೆಗಡಿದ ಎಡೆಯಲ್ಲಿ ತುದಿಗಳು ಕೂಡುತ್ತ ಅಗಲುತ್ತ ಇದ್ದರೆ ಕಿಡಿ ಹುಟ್ಟಿ, ಆ ಒಂದು ಬಿಂದುವೇ ಹೊದಿಕೆಯನ್ನು ಸುಡುವಷ್ಟು ಕಾಯುತ್ತದೆ. ಹಳೆಯ ತಾಪನಿಯಂತ್ರಕದ ಸ್ಪರ್ಶಬಿಂದುಗಳು ಅಂಟಿಕೊಂಡರೆ ಪ್ರವಾಹ ನಿಲ್ಲುವುದೇ ಇಲ್ಲ. ಕಡಿದಲ್ಲಿ ತಿರುಚಿ ಬೆಸೆದು ಕೈತೊಳೆದುಕೊಳ್ಳುವ ದುರಸ್ತಿಯೂ ನಿರಪಾಯವಲ್ಲ. ಬೆಸುಗೆಯ ಪಕ್ಕದ ಬಿರುಸಾದ ಭಾಗ ಕುಳಿತೆದ್ದು ಮತ್ತೆ ಮುರಿಯುತ್ತದೆ. ಹೊದಿಕೆಯ ಉಂಗುರಗಳನ್ನು ಕತ್ತರಿಸಿ ಇಡೀ ಹಾಸನ್ನೇ ಬದಲಾಯಿಸುವುದು ಶ್ರಮದ ಕೆಲಸವಾದರೂ ನಾವು ಅದನ್ನೇ ಮೆಚ್ಚುತ್ತೇವೆ.

ಇದರ ಅಪಾಯವೆಷ್ಟೆಂಬುದನ್ನು ವೈದ್ಯಶಾಸ್ತ್ರ ಆಗಲೇ ಅಳೆದಿತ್ತು. ಬಲಾರ್ಡನ ಅರ್ಜಿಗೂ ಮೊದಲೇ, 1947ರಲ್ಲಿ, ಮಾರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ವಿಜ್ಞಾನಿಗಳು 44 ಡಿಗ್ರಿ ಸೆಲ್ಸಿಯಸ್ ತಾಪವೂ ಸುಮಾರು ಆರು ಗಂಟೆ ತಾಗಿದರೆ ಚರ್ಮ ಸುಡುವುದೆಂದೂ, ತಾಪ ಏರಿದಂತೆ ಈ ಕಾಲ ಶೀಘ್ರವಾಗಿ ಕುಗ್ಗುವುದೆಂದೂ ತೋರಿಸಿದ್ದರು. ಸ್ಪರ್ಶಜ್ಞಾನವುಳ್ಳವನು ಉರಿ ತಾಗಿದೊಡನೆ ಸರಿದು ಕೂರುತ್ತಾನೆ. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದಿಂದ ಕೆಳಗೆ ಅರಿವಿಲ್ಲದವನಿಗೆ ಆ ಎಚ್ಚರಿಕೆ ದೊರೆಯುವುದಿಲ್ಲ. ಅಂತಹವರು ಬಿಸಿಯಾಸನದಲ್ಲಿ ಕುಳಿತು ಆಳವಾದ ಸುಟ್ಟಗಾಯಗಳನ್ನು ಪಡೆದುದನ್ನು ವೈದ್ಯರು ಮತ್ತೆ ಮತ್ತೆ ವರದಿಮಾಡಿದ್ದಾರೆ. ಕಾಂಗ್ಡಿಯನ್ನು ದೀರ್ಘಕಾಲ ಬಳಸಿದವರ ಹೊಟ್ಟೆ ತೊಡೆಗಳಲ್ಲಿ ಚರ್ಮದ ಅರ್ಬುದ ಹುಟ್ಟುವುದನ್ನು ಕಾಶ್ಮೀರದ ವೈದ್ಯರು ಬಹುಕಾಲದಿಂದ ಬಲ್ಲರು. ಅಲ್ಲಿ ವರ್ಷಗಳ ತಾಪ, ಇಲ್ಲಿ ಒಂದು ಪ್ರಯಾಣದ್ದು.

ಆದರೂ ಪೇಟೆಂಟ್ ದೊರೆತು ಐವತ್ತು ವರ್ಷ ಕಳೆದ ಮೇಲೂ ಅಮೆರಿಕದಲ್ಲಿ ಈ ಆಸನಗಳ ಗರಿಷ್ಠ ತಾಪಕ್ಕೆ ಸರ್ಕಾರದ ಮಿತಿಯಿರಲಿಲ್ಲ. ಅಂತಹ ಮಿತಿಯನ್ನು ವಿಧಿಸಬೇಕೆಂದು ಸುಟ್ಟಗಾಯಗಳ ವೈದ್ಯರೂ ಸುರಕ್ಷತೆಯ ಪರವಾದ ಕಾರ್ಯಕರ್ತರೂ ಅಲ್ಲಿನ ಹೆದ್ದಾರಿ ಸುರಕ್ಷತಾ ಆಡಳಿತವನ್ನು ಒತ್ತಾಯಿಸಿದ್ದು 2011ರಲ್ಲಿ.